ಭಾರ ಎತ್ತಿದವರ ಚರಿತ್ರೆ: ತೂನಿಯಿಂದ ನಯೀಮ್‌ವರೆಗೆ

ಶಾಲೆಯ ಕ್ರೀಡಾ ದಿನಾಚರಣೆಗಾಗಿ ಗೋಡೆ ಪತ್ರಿಕೆಯೊಂದನ್ನು ತಯಾರಿಸುವ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಪ್ಪಿಸಿದ್ದೆ. ಎಲ್ಲರೂ ಕ್ರಿಕೆಟ್ ಎಂದೇ ಹಟ ಹಿಡಿದಾಗ, ಬೇರೆ ಏನಾದರೂ ಇರಲಿ ಎಂದು ಒಲಿಂಪಿಕ್ ಕ್ರೀಡಾಕೂಟದಲ್ಲಿ ಭಾರ ಎತ್ತಿ ಚಿನ್ನದ ಪದಕ ಗೆದ್ದ ನಾಲ್ವರ ಹೆಸರನ್ನು ನಾನೇ ಬರೆದುಕೊಟ್ಟೆ. ಈಜಿಪ್ಟಿನ ಖಿದ್ರ್ ಅತ್-ತೂನಿ, ಅಮೆರಿಕದ ಟಾಮಿ ಕೊನೊ, ಸೋವಿಯತ್ ಒಕ್ಕೂಟದ ವಸೀಲಿ ಅಲೆಕ್ಸಿಯೆವ್, ತುರ್ಕಿಯ ನಯೀಮ್ ಸುಲೇಮಾನೋಗ್ಲು. ಮಕ್ಕಳು ನಾಲ್ವರ ಹೆಸರಿನ ಮುಂದೆಯೂ ಅವರು ಎತ್ತಿದ ಒಟ್ಟು ತೂಕವನ್ನು ಕೆಂಪು ಶಾಯಿಯಲ್ಲಿ ಬರೆದರು. 387.5, 447.5, 640, 342.5 ಕಿಲೋ. ಬರೆದು ಮುಗಿಸಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, ಇನಮೇ ಸಬ್ ಸೇ ತಾಕತ್‌ವಾಲಾ ಕೌನ್?"

ಪ್ರಶ್ನೆ ಸರಳ. ಅಂಕಿಗಳನ್ನು ನೋಡಿ ಅಲೆಕ್ಸಿಯೆವ್ ಎಂದು ಹೇಳಿ ಕುಳಿತುಬಿಡಬಹುದಿತ್ತು. ಆದರೆ ಆ ನಾಲ್ಕು ಅಂಕಿಗಳು ಒಂದೇ ತಕ್ಕಡಿಯಲ್ಲಿ ತೂಗಿದವುಗಳಲ್ಲ. ಅಂದು ತರಗತಿಯಲ್ಲಿ ಅರ್ಧ ಗಂಟೆಯಲ್ಲಿ ಹೇಳಲಾಗದೇ ಉಳಿದದ್ದನ್ನು ಈ ವಾರ್ಷಿಕ ಸಂಚಿಕೆಯ ಓದುಗರ ಮುಂದೆ, ಮುಖ್ಯವಾಗಿ ನಮ್ಮ ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಭಾರ ಎತ್ತುವುದು ನಮಗೆ ಹೊಸತೇನಲ್ಲ. ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಗರಡಿ ಮನೆಯ ಪೈಲ್ವಾನರು ಸಂಗ್ರಾಣಿ ಕಲ್ಲು ಎತ್ತುವುದನ್ನು ಜಾತ್ರೆಗಳಲ್ಲಿ ನೋಡಿದವರು ಇನ್ನೂ ಇದ್ದಾರೆ. ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆ ಮೊದಲು ನಡೆದದ್ದು 1896ರಲ್ಲಿ, ಅಥೆನ್ಸ್ ನಗರದಲ್ಲಿ. ಆಗ ದೇಹದ ತೂಕಕ್ಕೆ ತಕ್ಕ ವರ್ಗಗಳಿರಲಿಲ್ಲ. ಸಣ್ಣವನೂ ದೊಡ್ಡವನೂ ಒಂದೇ ಕಣದಲ್ಲಿ. ಎರಡು ಕೈಯಿಂದ ಎತ್ತುವ ಸ್ಪರ್ಧೆಯಲ್ಲಿ ಡೆನ್ಮಾರ್ಕಿನ ವಿಗ್ಗೊ ಜೆನ್ಸನ್ ಮತ್ತು ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್ ಇಬ್ಬರೂ 111.5 ಕಿಲೋ ಎತ್ತಿದರು. ಎತ್ತಿದ ಶೈಲಿ ಚೆನ್ನಾಗಿತ್ತೆಂದು ಜೆನ್ಸನ್‌ಗೆ ಮೊದಲ ಸ್ಥಾನ ಕೊಟ್ಟರು. ಒಂದೇ ಕೈಯಿಂದ ಎತ್ತುವ ಸ್ಪರ್ಧೆಯಲ್ಲಿ 71 ಕಿಲೋ ಎತ್ತಿ ಎಲಿಯಟ್ ಗೆದ್ದರು. ಹೀಗೆ ಮೊದಲ ದಿನದಿಂದಲೇ ಈ ಆಟದಲ್ಲಿ ಅಂಕಿಯೊಂದೇ ಕೊನೆಯ ಮಾತಾಗಿರಲಿಲ್ಲ.

1920ರಲ್ಲಿ ದೇಹತೂಕದ ವರ್ಗಗಳು ಬಂದವು. 1928ರ ಆಮ್‌ಸ್ಟರ್‌ಡಾಮ್ ಕೂಟದಿಂದ ಮೂರು ಬಗೆಯ ಎತ್ತುವಿಕೆ ನಿಗದಿಯಾಯಿತು. ಎದೆಯವರೆಗೆ ತಂದ ಭಾರವನ್ನು ಕಾಲು ಬಗ್ಗಿಸದೆ ಬರೀ ತೋಳಿನ ಬಲದಿಂದ ಮೇಲಕ್ಕೆ ಒತ್ತುವುದು 'ಪ್ರೆಸ್'. ನೆಲದಿಂದ ಒಂದೇ ಏಟಿಗೆ ತಲೆಯ ಮೇಲಕ್ಕೆ ಎತ್ತುವುದು 'ಸ್ನ್ಯಾಚ್'. ಮೊದಲು ಎದೆಗೆ, ಅಲ್ಲಿಂದ ಕಾಲಿನ ಬಲ ಸೇರಿಸಿ ಮೇಲಕ್ಕೆ ಎತ್ತುವುದು 'ಕ್ಲೀನ್ ಅಂಡ್ ಜರ್ಕ್'. ಇವುಗಳಲ್ಲಿ ಪ್ರೆಸ್ ಬರಬರುತ್ತಾ ಕೆಟ್ಟುಹೋಯಿತು. ಸ್ಪರ್ಧಿಗಳು ಬೆನ್ನನ್ನು ಹಿಂದಕ್ಕೆ ಬಾಗಿಸಿ ಎತ್ತತೊಡಗಿದರು, ಯಾವುದು ಸರಿ ಯಾವುದು ತಪ್ಪು ಎಂದು ತೀರ್ಪುಗಾರರಿಗೇ ತಿಳಿಯದಂತಾಯಿತು. 1972ರ ಮ್ಯೂನಿಕ್ ಕೂಟದ ನಂತರ ಅದನ್ನು ಕೈಬಿಟ್ಟರು. ಆದ್ದರಿಂದ ತೂನಿ, ಕೊನೊ ಅವರ ಒಟ್ಟು ಮೊತ್ತ ಮೂರು ಎತ್ತುವಿಕೆಗಳದ್ದು. ನಯೀಮ್ ಅವರದು ಎರಡರದ್ದು. ನಮ್ಮ ಗೋಡೆ ಪತ್ರಿಕೆಯ ಮಕ್ಕಳು ಮೂರು ವಿಷಯದ ಅಂಕಗಳನ್ನೂ ಎರಡು ವಿಷಯದ ಅಂಕಗಳನ್ನೂ ಒಂದೇ ಸಾಲಿನಲ್ಲಿಟ್ಟು ರ್‍ಯಾಂಕ್ ಕೇಳುತ್ತಿದ್ದರು!

ಮೊದಲು ಖಿದ್ರ್ ಅತ್-ತೂನಿ. ಇಂಗ್ಲಿಷ್ ಪುಸ್ತಕಗಳು ಇವರನ್ನು ಖದ್ರ್ ಎಂದು ಬರೆಯುತ್ತವೆ. ಉರ್ದುವಿನಲ್ಲಿ ನಾವು ಖಿಜ್ರ್ ಎಂದು ಓದುವ ಹೆಸರೇ ಅದು. 1936ರ ಬರ್ಲಿನ್ ಒಲಿಂಪಿಕ್ಸ್ ಹಿಟ್ಲರನ ಆಡಳಿತದಲ್ಲಿ ನಡೆದ ಕೂಟ. ಅದರ ಉದ್ಘಾಟನೆಯಂದು ಎಲ್ಲ ಕ್ರೀಡಾಪಟುಗಳ ಪರವಾಗಿ ಪ್ರಮಾಣ ವಚನ ಸ್ವೀಕರಿಸಿದವರು ಜರ್ಮನಿಯ ರುಡಾಲ್ಫ್ ಇಸ್ಮಾಯರ್. ಅವರು 1932ರಲ್ಲಿ 75 ಕಿಲೋ ವರ್ಗದ ಚಿನ್ನ ಗೆದ್ದಿದ್ದ ಭಾರ ಎತ್ತುವ ವೀರರು. ಅದೇ ವರ್ಗದಲ್ಲಿ ಅವರೆದುರು ಬಂದವರು ಇಪ್ಪತ್ತರ ಆಸುಪಾಸಿನ ತೂನಿ. ಪ್ರೆಸ್‌ನಲ್ಲಿ 117.5, ಸ್ನ್ಯಾಚ್‌ನಲ್ಲಿ 120, ಜರ್ಕ್‌ನಲ್ಲಿ 150, ಒಟ್ಟು 387.5 ಕಿಲೋ ಎತ್ತಿದರು. ಎರಡನೆಯ ಸ್ಥಾನಕ್ಕೆ ಬಂದ ಇಸ್ಮಾಯರ್ ಎತ್ತಿದ್ದು 352.5. ಅಂತರ 35 ಕಿಲೋ! ಎರಡೂವರೆ ಕಿಲೋ, ಐದು ಕಿಲೋ ಅಂತರದಲ್ಲಿ ಪದಕಗಳು ನಿರ್ಧಾರವಾಗುವ ಆಟದಲ್ಲಿ ಇದು ಸಾಮಾನ್ಯ ಮಾತಲ್ಲ. ಅದಕ್ಕಿಂತ ಮೇಲಿನ 82.5 ಕಿಲೋ ವರ್ಗದಲ್ಲಿ ಚಿನ್ನ ಗೆದ್ದ ಫ್ರಾನ್ಸಿನ ಲೂಯಿ ಹೋಸ್ಟಿನ್ ಕೂಡ ಎತ್ತಿದ್ದು 372.5. ಅಂದರೆ ತೂನಿ ತಮಗಿಂತ ತೂಕದವರ ಕಣದಲ್ಲಿ ಇಳಿದಿದ್ದರೂ ಅಂದು 15 ಕಿಲೋ ಹೆಚ್ಚೇ ಆಗುತ್ತಿತ್ತು.

ತೂನಿ ಒಬ್ಬರೇ ಅಲ್ಲ. ಆ ಕೂಟದಲ್ಲಿ ಈಜಿಪ್ಟ್ ಭಾರ ಎತ್ತುವ ಸ್ಪರ್ಧೆಯಲ್ಲಿ ಐದು ಪದಕ ಗೆದ್ದಿತು. ಎಂಟು ವರ್ಷ ಮೊದಲು, 1928ರಲ್ಲಿ, ಸಯ್ಯಿದ್ ನುಸೈರ್ ಆ ದೇಶಕ್ಕೆ ಈ ಆಟದ ಮೊದಲ ಚಿನ್ನ ತಂದುಕೊಟ್ಟಿದ್ದರು. ಇಂಗ್ಲಿಷರ ನೆರಳಿನಲ್ಲಿದ್ದ ದೇಶವೊಂದು ಯುರೋಪಿನ ಪೈಲ್ವಾನರನ್ನು ಅವರದೇ ನೆಲದಲ್ಲಿ ಹಿಂದಿಕ್ಕಿದ ಕಾಲ ಅದು.

ಆದರೆ ತೂನಿ ಅವರಿಗೆ ಎರಡನೆಯ ಚಿನ್ನ ಒದಗಲಿಲ್ಲ. 1940ರ ಕೂಟ ಇಲ್ಲ, 1944ರದೂ ಇಲ್ಲ. ಯುದ್ಧ ಎರಡನ್ನೂ ನುಂಗಿಹಾಕಿತು. ಒಬ್ಬ ಪೈಲ್ವಾನನ ತಾಕತ್ತು ತುಂಬಿ ನಿಲ್ಲುವ ವಯಸ್ಸೇ ಅದು. 1948ರಲ್ಲಿ ಲಂಡನ್ನಿಗೆ ಬಂದಾಗ ಮೂವತ್ತು ದಾಟಿತ್ತು. ಅಂದು 380 ಕಿಲೋ ಎತ್ತಿದರು. ಕೊರಿಯದ ಕಿಮ್ ಸುಂಗ್-ಜಿಪ್ ಕೂಡ 380. ಸಮನಾದರೆ ದೇಹದ ತೂಕ ಕಡಿಮೆ ಇರುವವನಿಗೆ ಪದಕ ಎಂಬುದು ಆಗಿನ ನಿಯಮ, ಕಂಚು ಕಿಮ್ ಪಾಲಾಯಿತು, ತೂನಿ ನಾಲ್ಕನೆಯವರಾದರು. ಚಿನ್ನ ಗೆದ್ದ ಅಮೆರಿಕದ ಫ್ರಾಂಕ್ ಸ್ಪೆಲ್‌ಮನ್ ಎತ್ತಿದ್ದು 390. ಗಮನಿಸಿ, ಹನ್ನೆರಡು ವರ್ಷ ಕಳೆದ ಮೇಲೂ ಚಿನ್ನಕ್ಕೆ ಬೇಕಾದದ್ದು ಬರ್ಲಿನ್ನಿನ ತೂನಿಗಿಂತ ಬರೀ ಎರಡೂವರೆ ಕಿಲೋ ಹೆಚ್ಚು. ನಡುವಿನ ಎರಡು ಕೂಟಗಳು ನಡೆದಿದ್ದರೆ ಎಂದು ಯಾರಿಗಾದರೂ ಅನ್ನಿಸದೇ ಇರದು. ಆದರೆ ಇತಿಹಾಸ ಬರೆಯುವಾಗ 'ನಡೆದಿದ್ದರೆ' ಎಂಬುದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದೇ ಈಜಿಪ್ಟಿನ ಇಬ್ರಾಹಿಂ ಶಮ್ಸ್ 1936ರಲ್ಲಿ ಕಂಚು ಗೆದ್ದು, ಅದೇ ಯುದ್ಧವನ್ನು ದಾಟಿ ಬಂದು, 1948ರಲ್ಲಿ ಚಿನ್ನ ಗೆದ್ದರು. ತೂನಿ 1946, 1949, 1950ರಲ್ಲಿ ವಿಶ್ವ ಚಾಂಪಿಯನ್ ಆದರು. 1956ರಲ್ಲಿ ಮನೆಯಲ್ಲಿ ವಿದ್ಯುತ್ ಆಘಾತವಾಗಿ ತೀರಿಕೊಂಡರು. ನಲವತ್ತು ವರ್ಷವೂ ತುಂಬಿರಲಿಲ್ಲ.

ಈಗ ಟಾಮಿ ಕೊನೊ. ನಾಲ್ವರಲ್ಲಿ ನಮ್ಮವರಿಗೆ ಅತಿ ಕಡಿಮೆ ಪರಿಚಯವಿರುವವರು ಇವರೇ. ಹುಟ್ಟಿದ್ದು 1930ರಲ್ಲಿ, ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದಲ್ಲಿ. ತಂದೆ ತಾಯಿ ಜಪಾನಿನಿಂದ ವಲಸೆ ಬಂದವರು. ಹುಡುಗನಿಗೆ ಉಬ್ಬಸ. ಕ್ಲಾಸಿಗಿಂತ ಹಾಸಿಗೆಯಲ್ಲೇ ಹೆಚ್ಚು ದಿನ. ಡಿಸೆಂಬರ್ 1941ರಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ, 1 ಲಕ್ಷ 20 ಸಾವಿರದಷ್ಟು ಜನರನ್ನು, ಮನೆ ಅಂಗಡಿ ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ, ಅಮೆರಿಕದ ನಾಗರಿಕರು. ಗೂಢಚಾರರೆಂದು ಯಾರ ಮೇಲೂ ವಿಚಾರಣೆ ನಡೆದಿರಲಿಲ್ಲ. ಮುಖ ಮತ್ತು ಹೆಸರು ಸಾಕಾಗಿತ್ತು.

ಹನ್ನೆರಡು ವರ್ಷದ ಕೊನೊ ಹೀಗೆ ತಂದೆ ತಾಯಿಯೊಂದಿಗೆ ಟೂಲ್ ಲೇಕ್ ಎಂಬ ಶಿಬಿರ ಸೇರಿದ. ಅಲ್ಲಿನ ಒಣ ಹವೆಯಲ್ಲಿ ಉಬ್ಬಸ ಕಡಿಮೆಯಾಯಿತು. ಅಲ್ಲೇ, ನೆರೆಯವರು ಇಟ್ಟುಕೊಂಡಿದ್ದ ತೂಕದ ಸಲಕರಣೆ ಹಿಡಿದು ಕಸರತ್ತು ಕಲಿತ. ಬಂದೀಖಾನೆಯೇ ಆ ಹುಡುಗನ ಗರಡಿ ಮನೆಯಾಯಿತು. (ಇದನ್ನು ಓದಿ 'ಕೆಡುಕಿನಲ್ಲೂ ಒಳಿತು' ಎಂದು ಬರೆಯುವವರಿದ್ದಾರೆ. ನನಗೆ ಹಾಗೆ ಬರೆಯಲು ಮನಸ್ಸಾಗುವುದಿಲ್ಲ. ಶಿಬಿರದಲ್ಲಿದ್ದ ಉಳಿದ ಸಾವಿರಾರು ಮಕ್ಕಳಿಗೆ ಯಾವ ಒಳಿತಾಯಿತು?)

ಹತ್ತು ವರ್ಷದ ನಂತರ, 1952ರಲ್ಲಿ, ಅದೇ ಹುಡುಗ ಹೆಲ್ಸಿಂಕಿಯಲ್ಲಿ ಅಮೆರಿಕದ ಅಂಗಿ ತೊಟ್ಟು 67.5 ಕಿಲೋ ವರ್ಗದಲ್ಲಿ 362.5 ಕಿಲೋ ಎತ್ತಿ ಚಿನ್ನ ಗೆದ್ದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಮತ್ತೆ ಚಿನ್ನ, ಈ ಬಾರಿ 82.5 ಕಿಲೋ ವರ್ಗದಲ್ಲಿ, 447.5 ಕಿಲೋ. 1960ರಲ್ಲಿ ರೋಮ್‌ನಲ್ಲಿ ಮೂರನೆಯದೊಂದು ವರ್ಗ, 75 ಕಿಲೋ. ಅಲ್ಲಿ ಸೋವಿಯತ್ತಿನ ಕುರಿನೊವ್ ಅವರ ಎದುರು ಸೋತು ಬೆಳ್ಳಿ ಪಡೆದರು. ತಂಡಕ್ಕೆ ಯಾವ ವರ್ಗದಲ್ಲಿ ಆಳು ಬೇಕೋ ಆ ವರ್ಗಕ್ಕೆ ಇಳಿಯುತ್ತಿದ್ದರು, ಏರುತ್ತಿದ್ದರು. ಹೊಟ್ಟೆತುಂಬ ಉಂಡು ತೂಕ ಏರಿಸುವುದು, ಅರೆಹೊಟ್ಟೆಯಲ್ಲಿದ್ದು ಇಳಿಸುವುದು. ನಾಲ್ಕು ಬೇರೆ ಬೇರೆ ತೂಕದ ವರ್ಗಗಳಲ್ಲಿ ವಿಶ್ವ ದಾಖಲೆ ಬರೆದವರು ಇವರು. ಒಟ್ಟು 26 ದಾಖಲೆಗಳು. ಬೇರೆ ಯಾರಿಗೂ ಇದು ಸಾಧ್ಯವಾಗಿಲ್ಲ. ಆಮೇಲೆ ತರಬೇತುದಾರರಾಗಿ ಮೆಕ್ಸಿಕೊ, ಪಶ್ಚಿಮ ಜರ್ಮನಿ, ಅಮೆರಿಕ ತಂಡಗಳನ್ನು ಸಿದ್ಧಗೊಳಿಸಿದರು. 2016ರಲ್ಲಿ ಹವಾಯಿಯಲ್ಲಿ ತೀರಿಕೊಂಡರು.

ಅಲೆಕ್ಸಿಯೆವ್ ಅವರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಅಂಕಿಗಳೇ ಸಾಕಷ್ಟು ಮಾತಾಡುತ್ತವೆ. 1942ರಲ್ಲಿ ಹುಟ್ಟಿದವರು. 1970ರ ಮಾರ್ಚ್‌ನಲ್ಲಿ ಮೂರು ಎತ್ತುವಿಕೆ ಸೇರಿ 600 ಕಿಲೋ ಮುಟ್ಟಿದ ಮೊದಲ ಮನುಷ್ಯ. ನಮ್ಮ ಎ.ಪಿ.ಎಂ.ಸಿ. ಯಾರ್ಡಿನ ಲೆಕ್ಕದಲ್ಲಿ ಆರು ಕ್ವಿಂಟಲ್. 1972ರಲ್ಲಿ ಮ್ಯೂನಿಕ್‌ನಲ್ಲಿ 640 ಕಿಲೋ, 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಎರಡೇ ಎತ್ತುವಿಕೆಯಲ್ಲಿ 440 ಕಿಲೋ, ಎರಡಕ್ಕೂ ಚಿನ್ನ. 1970ರಿಂದ 1977ರವರೆಗೆ 80 ವಿಶ್ವ ದಾಖಲೆಗಳು. ಒಮ್ಮೆಗೇ ಹತ್ತು ಕಿಲೋ ಏರಿಸುವ ಬದಲು ಅರ್ಧ ಅರ್ಧ ಕಿಲೋ ಏರಿಸುತ್ತಿದ್ದರು. ಪ್ರತಿ ದಾಖಲೆಗೂ ಸರ್ಕಾರ ಬಹುಮಾನ ಕೊಡುತ್ತಿತ್ತು! ಲೆಕ್ಕ ಬಲ್ಲ ಪೈಲ್ವಾನರು. 1980ರಲ್ಲಿ ತಮ್ಮದೇ ದೇಶದ ಮಾಸ್ಕೊ ಕೂಟದಲ್ಲಿ ಸ್ನ್ಯಾಚ್‌ನಲ್ಲಿ 180 ಕಿಲೋದೊಂದಿಗೆ ಆರಂಭಿಸಿ, ಮೂರು ಅವಕಾಶದಲ್ಲೂ ಎತ್ತಲಾಗದೆ ಹೊರಬಿದ್ದರು. 2011ರಲ್ಲಿ ನಿಧನರಾದರು.

ಇಲ್ಲಿ ಸ್ವಲ್ಪ ಗಣಿತ. ಅಲೆಕ್ಸಿಯೆವ್ ದೇಹದ ತೂಕ 150 ಕಿಲೋ ಮೀರಿತ್ತು. ಮಾಂಟ್ರಿಯಲ್‌ನಲ್ಲಿ ಎತ್ತಿದ 255 ಕಿಲೋ ಅವರ ತೂಕದ ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆ. ತೂನಿ 75 ಕಿಲೋ ವರ್ಗದಲ್ಲಿದ್ದು 150 ಎತ್ತಿದರು, ಎರಡು ಪಟ್ಟು. ನಯೀಮ್ 60 ಕಿಲೋ ವರ್ಗದಲ್ಲಿದ್ದು 190 ಎತ್ತಿದರು, ಮೂರು ಪಟ್ಟಿಗೂ ಹೆಚ್ಚು. ಹಾಗಾದರೆ ಅಲೆಕ್ಸಿಯೆವ್ ದುರ್ಬಲರೇ? ಅಲ್ಲ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸುತ್ತದೆ, ತೂಕ ಗಾತ್ರವನ್ನು ಅವಲಂಬಿಸುತ್ತದೆ. ದೇಹದ ಅಳತೆ ಎಲ್ಲ ಕಡೆ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಇರುವೆ ತನಗಿಂತ ಭಾರದ ಕಾಳನ್ನು ಹೊತ್ತೊಯ್ಯುವುದೂ, ಆನೆಗೆ ಅದು ಆಗದಿರುವುದೂ ಇದೇ ಕಾರಣಕ್ಕೆ. ಈ ವ್ಯತ್ಯಾಸವನ್ನು ಸರಿದೂಗಿಸಿ ಬೇರೆ ಬೇರೆ ವರ್ಗದವರನ್ನು ಹೋಲಿಸಲು ಸಿಂಕ್ಲೇರ್ ಸೂತ್ರ ಎಂಬುದೊಂದಿದೆ. ಅದನ್ನೂ ಪ್ರತಿ ಒಲಿಂಪಿಕ್ಸ್ ಅವಧಿಗೊಮ್ಮೆ ಪರಿಷ್ಕರಿಸುತ್ತಾರೆ.

ತೂನಿ ಮತ್ತು ನಯೀಮ್ ಅವರನ್ನು ಹೋಲಿಸಬೇಕಾದರೆ ತೂನಿಯ ಪ್ರೆಸ್ ತೆಗೆದುಹಾಕಿ ನೋಡಬೇಕು. ಆಗ ಅವರದು 270 ಕಿಲೋ, ನಯೀಮ್ ಅವರದು 342.5. ಹದಿನೈದು ಕಿಲೋ ಹಗುರ ದೇಹದಿಂದ 72.5 ಕಿಲೋ ಹೆಚ್ಚು! ಆದರೆ ನಡುವೆ ಅರ್ಧ ಶತಮಾನ ಕಳೆದಿತ್ತು. ತೂನಿಯ ಕಾಲದಲ್ಲಿ ಎತ್ತುವಾಗ ಸರಳು ತೊಡೆಗೆ ತಾಗಿದರೆ ತಪ್ಪು. 1960ರ ದಶಕದಲ್ಲಿ ಆ ನಿಯಮ ಸಡಿಲವಾಯಿತು. ಆಗಿನವರು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಭಾರದ ಕೆಳಗೆ ಹೋಗುತ್ತಿದ್ದರು. ನಂತರದವರು ಕುಕ್ಕರುಗಾಲಿನಲ್ಲಿ ಇನ್ನೂ ಕೆಳಗೆ ಇಳಿಯುವುದನ್ನು ಕಲಿತರು. ಕೊನೊ ಆ ಹೊಸ ಪದ್ಧತಿಯವರು. ಜೊತೆಗೆ ಬಲ್ಗೇರಿಯ, ಸೋವಿಯತ್ ದೇಶಗಳಲ್ಲಿ ಮಕ್ಕಳನ್ನು ಚಿಕ್ಕಂದಿನಲ್ಲೇ ಆರಿಸಿ ಕ್ರೀಡಾ ಶಾಲೆಗಳಲ್ಲಿಟ್ಟು ತಯಾರು ಮಾಡುವ ಸರ್ಕಾರಿ ವ್ಯವಸ್ಥೆ ಬಂತು.

ಆ ವ್ಯವಸ್ಥೆಯ ಕೂಸೇ ನಯೀಮ್. 1967ರ ಜನವರಿಯಲ್ಲಿ ಬಲ್ಗೇರಿಯದ ಪ್ತಿಚಾರ್ ಎಂಬ ಹಳ್ಳಿಯಲ್ಲಿ, ತುರ್ಕಿ ಮಾತಾಡುವ ಮುಸ್ಲಿಂ ಕುಟುಂಬವೊಂದರಲ್ಲಿ ಹುಟ್ಟಿದವರು. ಎತ್ತರ 1.47 ಮೀಟರ್, ನಮ್ಮ ಲೆಕ್ಕದಲ್ಲಿ ನಾಲ್ಕು ಅಡಿ ಹತ್ತು ಅಂಗುಲ. ಹದಿನಾರಕ್ಕೆಲ್ಲ ದೊಡ್ಡವರ ವಿಶ್ವ ದಾಖಲೆ ಮುರಿದಿದ್ದರು. 1984ರ ಲಾಸ್ ಏಂಜಲೀಸ್ ಕೂಟವನ್ನು ಸೋವಿಯತ್ ಬಣ ಬಹಿಷ್ಕರಿಸಿದ್ದರಿಂದ ಹೋಗಲಾಗಲಿಲ್ಲ. ತೂನಿಗೆ ಯುದ್ಧ ಮಾಡಿದ್ದನ್ನು ಇವರಿಗೆ ರಾಜಕೀಯ ಮಾಡಿತು.

ಅದೇ ಚಳಿಗಾಲದಲ್ಲಿ ಬಲ್ಗೇರಿಯದ ಸರ್ಕಾರ ತನ್ನ ತುರ್ಕಿ ಪ್ರಜೆಗಳ ಹೆಸರುಗಳನ್ನು ಬದಲಿಸಲು ಹೊರಟಿತು. ಹಳ್ಳಿಹಳ್ಳಿಗೂ ಪೊಲೀಸರು, ಸೈನಿಕರು ಹೋಗಿ ಲಕ್ಷಾಂತರ ಜನರ ಹೆಸರು ತೆಗೆದು ಬಲ್ಗೇರಿಯನ್ ಹೆಸರು ಬರೆಸಿದರು. ನಾಲ್ಕು ಜನರೆದುರು ತುರ್ಕಿ ಭಾಷೆ ಮಾತಾಡುವುದೂ ಅಪರಾಧವಾಯಿತು. ನಯೀಮ್ ಸುಲೇಮಾನೊವ್ ಎಂಬ ವಿಶ್ವ ಚಾಂಪಿಯನ್ ಕಾಗದದ ಮೇಲೆ ನೌಮ್ ಶಲಮಾನೊವ್ ಆದರು.

ನನ್ನ ಹಾಜರಿ ಪುಸ್ತಕದಲ್ಲಿ ಇಬ್ಬರು ನಯೀಮ್ ಇದ್ದಾರೆ. ಪ್ರತಿದಿನ ಬೆಳಿಗ್ಗೆ ಆ ಹೆಸರು ಕೂಗುತ್ತೇನೆ, 'ಹಾಜಿರ್' ಎನ್ನುತ್ತಾರೆ. ಒಂದು ಬೆಳಿಗ್ಗೆ ಮೇಲಿನವರ ಆದೇಶದಂತೆ ಬೇರೆ ಹೆಸರು ಕೂಗಬೇಕಾಗಿ ಬಂದರೆ ಆ ಮಕ್ಕಳು ಏನು ಉತ್ತರ ಕೊಟ್ಟಾರು, ನಾನಾದರೂ ಹೇಗೆ ಕೂಗಲಿ ಎಂದು ಈ ಭಾಗ ಓದುವಾಗ ಯೋಚಿಸಿದ್ದೆ. ಬಲ್ಗೇರಿಯದ ಮೇಷ್ಟ್ರುಗಳು ಕೂಗಿರಲೇಬೇಕು.

1986ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ವಿಶ್ವಕಪ್ ಸ್ಪರ್ಧೆ ಮುಗಿದ ಮೇಲೆ ನಯೀಮ್ ತಂಡದ ಕಾವಲು ತಪ್ಪಿಸಿಕೊಂಡರು. ಕೊನೊ ಎರಡನೆಯ ಚಿನ್ನ ಗೆದ್ದಿದ್ದು ಇದೇ ಮೆಲ್ಬರ್ನ್‌ನಲ್ಲಿ, ಮೂವತ್ತು ವರ್ಷ ಹಿಂದೆ. ಲಂಡನ್ ಮಾರ್ಗವಾಗಿ, ತುರ್ಕಿಯ ಪ್ರಧಾನಿ ಓಜಾಲ್ ಕಳಿಸಿದ ವಿಮಾನದಲ್ಲಿ ಅಂಕಾರಾ ತಲುಪಿದರು. ದೇಶ ಬದಲಿಸಿದವರು ಮೂರು ವರ್ಷ ಕಾಯಬೇಕೆಂಬ ನಿಯಮವಿತ್ತು. ಅದನ್ನು ಬಿಟ್ಟುಕೊಡಲು ತುರ್ಕಿ ಸುಮಾರು 10 ಲಕ್ಷ ಡಾಲರ್ ಬಲ್ಗೇರಿಯಕ್ಕೆ ಕೊಟ್ಟಿತು. ಹೆಸರನ್ನು ತುರ್ಕಿ ರೀತಿಯಲ್ಲಿ ಸುಲೇಮಾನೋಗ್ಲು ಎಂದು ಬರೆದುಕೊಂಡರು. ಅಂದರೆ ಸುಲೇಮಾನನ ಮಗ. ಅರಬಿಯ 'ಇಬ್ನ್' ಇದ್ದಂತೆ.

1988ರ ಸೆಪ್ಟೆಂಬರ್ 20ರಂದು ಸೋಲ್‌ನಲ್ಲಿ ಸ್ನ್ಯಾಚ್ 152.5, ಜರ್ಕ್ 190, ಒಟ್ಟು 342.5. ಅದಕ್ಕಿಂತ ಮೇಲಿನ 67.5 ಕಿಲೋ ವರ್ಗದಲ್ಲಿ ಕೊನೆಗೆ ಚಿನ್ನ ಪಡೆದ ಪೂರ್ವ ಜರ್ಮನಿಯ ಯೋಆಖಿಮ್ ಕುಂಟ್ಸ್ ಎತ್ತಿದ್ದು 340. ಐವತ್ತೆರಡು ವರ್ಷ ಹಿಂದೆ ತೂನಿ ಮಾಡಿದ್ದ ಪವಾಡವೇ ಮತ್ತೊಮ್ಮೆ. ಮರುವರ್ಷ, 1989ರ ಬೇಸಿಗೆಯಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ತುರ್ಕರು ಬಲ್ಗೇರಿಯ ತೊರೆದು ತುರ್ಕಿಗೆ ನಡೆದರು. ನವೆಂಬರ್‌ನಲ್ಲಿ ಹೆಸರು ಬದಲಿಸಿದ ಆಡಳಿತಗಾರ ಜಿವ್ಕೋವ್ ಅಧಿಕಾರ ಕಳೆದುಕೊಂಡರು. ಕಳೆದುಕೊಂಡ ಹೆಸರುಗಳು ಮರಳಿ ಬಂದವು.

ಕೊನೊ ಮತ್ತು ನಯೀಮ್ ಇಬ್ಬರನ್ನೂ ಅವರವರ ಸರ್ಕಾರ ಹೆಸರಿಗಾಗಿ, ಹುಟ್ಟಿಗಾಗಿ ಶಿಕ್ಷಿಸಿತು. ಒಬ್ಬರು ತಮ್ಮನ್ನು ಬಂಧಿಸಿದ ದೇಶಕ್ಕಾಗಿಯೇ ಚಿನ್ನ ತಂದರು. ಇನ್ನೊಬ್ಬರು ಬಿಟ್ಟು ಹೋದರು. ಕೊನೊ ಸರಿ, ನಯೀಮ್ ತಪ್ಪು ಎಂದಾಗಲೀ, ಅದರ ತಿರುಗಾಗಲೀ ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಕೊನೊಗೆ ಶಿಬಿರದ ಬಾಗಿಲು ತೆರೆಯಿತು, ಹೆಸರು ಉಳಿಯಿತು, ದೇಶದ ತಂಡ ಸೇರಿಸಿಕೊಂಡಿತು. 1988ರ ಆಗಸ್ಟ್‌ನಲ್ಲಿ ಅಮೆರಿಕದ ಸರ್ಕಾರ ಕಾನೂನು ಮಾಡಿ ಶಿಬಿರಗಳಲ್ಲಿದ್ದು ಬದುಕಿ ಉಳಿದವರ ಕ್ಷಮೆ ಕೇಳಿತು, ತಲಾ 20 ಸಾವಿರ ಡಾಲರ್ ಪರಿಹಾರ ಘೋಷಿಸಿತು. ನಲವತ್ತಾರು ವರ್ಷ ತಡವಾಗಿ. ಸೋಲ್‌ನಲ್ಲಿ ನಯೀಮ್ 190 ಕಿಲೋ ಎತ್ತಿದ್ದು ಅದಾದ ಆರು ವಾರಕ್ಕೆ. ತಪ್ಪನ್ನು ಎಂದಾದರೂ ಒಪ್ಪಿಕೊಳ್ಳಬಲ್ಲ ದೇಶ, ಒಪ್ಪಿಕೊಳ್ಳದ ದೇಶ ಇವೆರಡರ ನಡುವಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದೆ ಈ ಇಬ್ಬರನ್ನು ಹೋಲಿಸಬಾರದೆಂಬುದು ನನ್ನ ಅಭಿಪ್ರಾಯ.

ಹೇಳಲು ಇಷ್ಟವಿಲ್ಲದಿದ್ದರೂ ಹೇಳಬೇಕಾದ ಮಾತೊಂದಿದೆ. ಔಷಧಿಯ ಮಾತು. 1960ರ ದಶಕದಿಂದ ಈ ಆಟದೊಳಗೆ ಸ್ನಾಯು ಬೆಳೆಸುವ ಮಾತ್ರೆ, ಇಂಜೆಕ್ಷನ್‌ಗಳು ನುಗ್ಗಿದವು. ಒಲಿಂಪಿಕ್ಸ್‌ನಲ್ಲಿ ಅವುಗಳಿಗೆ ಪರೀಕ್ಷೆ ಆರಂಭವಾದದ್ದೇ 1976ರಲ್ಲಿ. ಸೋಲ್‌ನಲ್ಲಿ ಚಿನ್ನ ಗೆದ್ದಿದ್ದ ಬಲ್ಗೇರಿಯದ ಇಬ್ಬರು ಸಿಕ್ಕಿಬಿದ್ದು, ಆ ದೇಶದ ತಂಡವೇ ಕಣದಿಂದ ಹಿಂದೆ ಸರಿಯಿತು. ಕುಂಟ್ಸ್ ಅವರಿಗೆ ಚಿನ್ನ ಬಂದದ್ದೂ ಹೀಗೆಯೇ. ನಯೀಮ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವರಲ್ಲ. 1993, 1998, 2018ರಲ್ಲಿ ತೂಕದ ವರ್ಗಗಳನ್ನೇ ಬದಲಿಸಿ ಹಳೆಯ ದಾಖಲೆಗಳನ್ನು ಬದಿಗಿಟ್ಟು ಹೊಸ ಪುಟ ತೆರೆದರು. ಆದರೂ ರೋಗ ಹೋಗಲಿಲ್ಲ. 2021ರಲ್ಲಿ ಎರಡು ಎತ್ತುವಿಕೆಯಲ್ಲಿ 492 ಕಿಲೋ ಎತ್ತಿದ, 2016ರಿಂದ ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದ ಜಾರ್ಜಿಯದ ಲಾಷಾ ತಲಖಾಡ್ಜೆ ಕೂಡ ಹಿಂದೊಮ್ಮೆ ಇದೇ ಕಾರಣಕ್ಕೆ ನಿಷೇಧ ಅನುಭವಿಸಿದವರು. 2012ರ ಲಂಡನ್ ಕೂಟದ 94 ಕಿಲೋ ವರ್ಗದ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಅಂದು ಐದನೆಯ ಸ್ಥಾನ ಪಡೆದು ಬರಿಗೈಯಲ್ಲಿ ಮನೆಗೆ ಹೋದವರು ಇರಾನಿನ ಸಯೀದ್ ಮೊಹಮ್ಮದ್‌ಪುರ್. ವರ್ಷಗಳ ನಂತರ ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಅವರಿಗಿಂತ ಮೇಲಿದ್ದ ನಾಲ್ವರೂ ಅನರ್ಹರಾದರು. ಚಿನ್ನ ಇವರಿಗೆ ಬಂತು. ಆದರೆ ತುಂಬಿದ ಸಭಾಂಗಣದಲ್ಲಿ ತನ್ನ ದೇಶದ ಬಾವುಟ ಏರುವುದನ್ನು ನಿಂತು ನೋಡುವ ಆ ಗಳಿಗೆಯನ್ನು ಅಂಚೆಯಲ್ಲಿ ಕಳಿಸಲಾಗುತ್ತದೆಯೇ?

ನಮ್ಮ ಹೆಣ್ಣುಮಕ್ಕಳು ಕೇಳಬಹುದು, ಈ ನಾಲ್ವರಲ್ಲಿ ಒಬ್ಬ ಹೆಂಗಸೂ ಏಕಿಲ್ಲ ಎಂದು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಈ ಕಣ ತೆರೆದದ್ದೇ 2000ದಲ್ಲಿ, ಸಿಡ್ನಿಯಲ್ಲಿ. ತೆರೆದ ಮೊದಲ ಕೂಟದಲ್ಲೇ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿ 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಕೊನೆಯ ಅವಕಾಶದಲ್ಲಿ 137.5 ಕಿಲೋ ಎತ್ತಿದ್ದರೆ ಚಿನ್ನವೇ ಸಿಗುತ್ತಿತ್ತು. ನಮ್ಮ ಕುಂದಾಪುರದ ಗುರುರಾಜ ಪೂಜಾರಿ 2018 ಮತ್ತು 2022ರ ಕಾಮನ್‌ವೆಲ್ತ್ ಕೂಟಗಳಲ್ಲಿ ಪದಕ ತಂದಿದ್ದಾರೆ.

ಅದೇ ಸಿಡ್ನಿಯಲ್ಲಿ ನಯೀಮ್ ಕೊನೆಯ ಬಾರಿ ಕಣಕ್ಕಿಳಿದು, 145 ಕಿಲೋ ಸ್ನ್ಯಾಚ್‌ನಲ್ಲಿ ಮೂರು ಬಾರಿಯೂ ವಿಫಲರಾದರು. ಅಲೆಕ್ಸಿಯೆವ್ ಮಾಸ್ಕೊದಲ್ಲಿ ಮುಗಿಸಿದಂತೆಯೇ. ಆದರೆ ಅದಕ್ಕೂ ಮೊದಲು 1992ರಲ್ಲಿ ಬಾರ್ಸಿಲೋನದಲ್ಲಿ ಎರಡನೆಯ ಚಿನ್ನ, 1996ರಲ್ಲಿ ಅಟ್ಲಾಂಟದಲ್ಲಿ ಮೂರನೆಯದು ಗೆದ್ದಿದ್ದರು. ಅಟ್ಲಾಂಟದ ಸ್ಪರ್ಧೆಯನ್ನು ನೋಡಿದವರು ಮರೆಯುವುದಿಲ್ಲ. ಎದುರಾಳಿ ಗ್ರೀಸಿನ ವಲೇರಿಯಸ್ ಲಿಯೊನಿಡಿಸ್. ಅವರೂ ಹುಟ್ಟಿದ್ದು ಸೋವಿಯತ್ ನೆಲದಲ್ಲಿ, ಪೂರ್ವಜರ ದೇಶಕ್ಕೆ ಬಂದು ನೆಲೆಸಿದವರು. ಸಭಾಂಗಣದ ಒಂದು ಭಾಗ ತುರ್ಕಿಯ ಬಾವುಟ, ಇನ್ನೊಂದು ಭಾಗ ಗ್ರೀಸಿನ ಬಾವುಟ. ಒಬ್ಬರು ದಾಖಲೆ ಮುರಿದರೆ ನಿಮಿಷಗಳಲ್ಲಿ ಇನ್ನೊಬ್ಬರು ಅದನ್ನು ಮುರಿಯುತ್ತಿದ್ದರು. ನಯೀಮ್ 187.5 ಎತ್ತಿ ಒಟ್ಟು 335ಕ್ಕೆ ಮುಟ್ಟಿದರು. ಲಿಯೊನಿಡಿಸ್ 190 ಹಾಕಿಸಿ ಪ್ರಯತ್ನಿಸಿದರು, ಆಗಲಿಲ್ಲ. 332.5ಕ್ಕೆ ಬೆಳ್ಳಿ. ಮತ್ತೆ ಅದೇ ಎರಡೂವರೆ ಕಿಲೋ.

ಆಟ ಬಿಟ್ಟ ಮೇಲೆ ನಯೀಮ್ ಬದುಕು ಅಷ್ಟು ಚೆನ್ನಾಗಿ ನಡೆಯಲಿಲ್ಲ. ಚುನಾವಣೆಗೆ ನಿಂತು ಸೋತರು. ಆರೋಗ್ಯ ಕೆಟ್ಟಿತು. ಪಿತ್ತಜನಕಾಂಗದ ಕಸಿ ಮಾಡಿದರೂ ಉಳಿಯಲಿಲ್ಲ, 2017ರ ನವೆಂಬರ್ 18ರಂದು ಇಸ್ತಾಂಬುಲ್‌ನಲ್ಲಿ ಐವತ್ತರ ವಯಸ್ಸಿಗೆ ತೀರಿಕೊಂಡರು. ಜನಾಜಾಕ್ಕೆ ಬಂದ ಜನಸಂದಣಿಯಲ್ಲಿ ಗ್ರೀಸಿನಿಂದ ಬಂದಿದ್ದ ಲಿಯೊನಿಡಿಸ್ ಕೂಡ ಇದ್ದರು.

ಇಷ್ಟನ್ನೂ ಎರಡು ಪೀರಿಯಡ್‌ಗಳಲ್ಲಿ ಹೇಳಿ ಮುಗಿಸಿ ಮಕ್ಕಳನ್ನೇ ಕೇಳಿದೆ, ಈಗ ಹೇಳಿ, ಸಬ್ ಸೇ ತಾಕತ್‌ವಾಲಾ ಯಾರು? ನನ್ನ ಆಯ್ಕೆ ಕೊನೊ. ನಾಲ್ಕು ವರ್ಗಗಳಲ್ಲಿ ದಾಖಲೆ ಬರೆದವರು ಇನ್ನೊಬ್ಬರಿಲ್ಲ ಎಂಬುದು ನನ್ನ ವಾದ. ತರಗತಿಯಲ್ಲಿ ಕೈ ಎತ್ತಿಸಿದಾಗ ಹೆಚ್ಚಿನ ಕೈಗಳು ನಯೀಮ್ ಪರವಾಗಿ ಎದ್ದವು, ಇಬ್ಬರು ನಯೀಮ್‌ಗಳದು ಮೊದಲು. ಪ್ರಶ್ನೆ ಕೇಳಿದ ಹುಡುಗ ಮಾತ್ರ ಕೈ ಎತ್ತಲಿಲ್ಲ. ಗೋಡೆ ಪತ್ರಿಕೆಯ ಬಳಿ ಹೋಗಿ ತೂನಿಯ 387.5ರ ಪಕ್ಕದಲ್ಲಿ ಪೆನ್ಸಿಲಿನಲ್ಲಿ 1940, 1944 ಎಂದು ಬರೆದು, ಎರಡರ ಮುಂದೆಯೂ ಜಾಗ ಖಾಲಿ ಬಿಟ್ಟು ಬಂದು ಕುಳಿತ.